ನೀಹಾರಿಕೆಯ ಬಣ್ಣ ಸುಳ್ಳಲ್ಲ

ದೂರದ ನೀಹಾರಿಕೆಯೊಂದರ ಹೊಸ ಚಿತ್ರ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಮೊದಲನೆಯದು ‘ಎಂಥ ಚೆಂದ!’ ಎಂಬ ಉದ್ಗಾರ. ಎರಡನೆಯದು ಅದರ ಬೆನ್ನಿಗೇ ಬರುವ ಆಕ್ಷೇಪ: ಆ ಬಣ್ಣವೆಲ್ಲ ಕಂಪ್ಯೂಟರಿನಲ್ಲಿ ಬಳಿದದ್ದು, ಅಲ್ಲಿಗೇ ಹೋಗಿ ನೋಡಿದರೂ ಹಾಗೆ ಕಾಣುವುದಿಲ್ಲ, ಜನರನ್ನು ಮರುಳು ಮಾಡಿ ಬಾಹ್ಯಾಕಾಶ ಸಂಸ್ಥೆಗಳು ತಮ್ಮ ಖರ್ಚನ್ನು ಸಮರ್ಥಿಸಿಕೊಳ್ಳುತ್ತಿವೆ. ಈ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಏಕೆಂದರೆ ಅದರ ಮೊದಲರ್ಧ ಬಹುಮಟ್ಟಿಗೆ ನಿಜ. ಅದರಿಂದ ಹೊರಡಿಸುವ ತೀರ್ಮಾನ ಮಾತ್ರ ತಪ್ಪು. ಅಲ್ಲಿ ಯಾವ ಅನಿಲವಿದೆ, ಅದರ ಮೇಲೆ ಎಷ್ಟು ಉಗ್ರವಾದ ಬೆಳಕು ಬೀಳುತ್ತಿದೆ, ಅದು ಎಷ್ಟು ತೆಳುವಾಗಿ ಹರಡಿದೆ ಎಂಬುದಕ್ಕೆ ಸಿಕ್ಕ ಪುರಾವೆಯೇ ನೀಹಾರಿಕೆಯ ಚಿತ್ರದಲ್ಲಿ ಬಣ್ಣದ ರೂಪ ತಳೆದು ನಿಂತಿರುತ್ತದೆ. ಆ ಪುರಾವೆಯನ್ನು ಓದಲು ಕಲಿತವರಿಗೆ ಚಿತ್ರದ ಸೊಗಸು ಇನ್ನಷ್ಟು ಹೆಚ್ಚುತ್ತದೆ ಎಂಬುದು ನನ್ನ ವಾದ.

ಎಲ್ಲರೂ ಒಮ್ಮೆಯಾದರೂ ಕಂಡಿರುವ ಚಿತ್ರದಿಂದಲೇ ಶುರು ಮಾಡೋಣ. ‘ಸೃಷ್ಟಿಯ ಸ್ತಂಭಗಳು’ ಎಂದು ಹೆಸರಾದ ಆ ಮೂರು ಕಂದು ಕಂಬಗಳನ್ನು ಹಬಲ್ ದೂರದರ್ಶಕ ಸೆರೆಹಿಡಿದದ್ದು 1995ರ ಏಪ್ರಿಲ್ 1ರಂದು. ಹಬಲ್ ಕಕ್ಷೆಗೆ ಸೇರಿದ್ದು ಅದಕ್ಕೂ ಐದು ವರ್ಷ ಮೊದಲು, 1990ರಲ್ಲಿ. ಅದರ 2.4 ಮೀಟರ್ ಅಗಲದ ಕನ್ನಡಿಯ ಅಂಚನ್ನು ಸುಮಾರು 2 ಮೈಕ್ರಾನಿನಷ್ಟು ಹೆಚ್ಚು ಉಜ್ಜಿಬಿಟ್ಟಿದ್ದಾರೆ ಎಂಬುದು ಮೇಲೆ ಹೋದ ನಂತರವೇ ಗೊತ್ತಾಯಿತು. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಸಣ್ಣದಾದ ಆ ದೋಷಕ್ಕೆ ನಕ್ಷತ್ರಗಳೆಲ್ಲ ಮಸುಕಾಗಿ ಕಂಡವು. 1993ರ ಡಿಸೆಂಬರಿನಲ್ಲಿ ಎಂಡೆವರ್ ನೌಕೆಯಲ್ಲಿ ಹೋದ ಗಗನಯಾತ್ರಿಗಳು ಐದು ಬಾರಿ ಬಾಹ್ಯಾಕಾಶ ನಡಿಗೆ ಮಾಡಿ, ದೋಷ ನೀಗುವ ಸಲಕರಣೆಯನ್ನೂ ಹೊಸ ಕ್ಯಾಮೆರಾವನ್ನೂ ಕೂರಿಸಿ ಬಂದರು. ಆ ಹೊಸ ಕ್ಯಾಮೆರಾದಿಂದಲೇ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ ಎಂಬ ಖಗೋಳ ವಿಜ್ಞಾನಿಗಳು ಸುಮಾರು 6,500 ಜ್ಯೋತಿರ್ವರ್ಷ ದೂರದ ಈಗಲ್ ನೀಹಾರಿಕೆಯ ನಡುಭಾಗವನ್ನು ನೋಡಿದ್ದು. ಹಾಗೆ ಬಂದದ್ದು ಒಂದು ಫೋಟೊ ಅಲ್ಲ, 32 ಬಿಡಿ ಚಿತ್ರಗಳು. ಪ್ರತಿಯೊಂದೂ ಕಪ್ಪು ಬಿಳುಪಿನದು. ಒಂದೊಂದನ್ನೂ ಒಂದೇ ಒಂದು ಕಿರಿದಾದ ಪಟ್ಟಿಯ ಬೆಳಕನ್ನು ಮಾತ್ರ ಒಳಬಿಡುವ ಫಿಲ್ಟರ್ ಹಾಕಿ ತೆಗೆದದ್ದು. ಗಂಧಕದ ಪರಮಾಣು ಹೊಮ್ಮಿಸುವ ಬೆಳಕಿಗೆ ಕೆಂಪು, ಹೈಡ್ರೋಜನ್ನಿನದಕ್ಕೆ ಹಸಿರು, ಎರಡು ಇಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕದ್ದಕ್ಕೆ ನೀಲಿ ಎಂದು ಗೊತ್ತುಮಾಡಿ ಅವನ್ನು ಒಂದರ ಮೇಲೊಂದು ಕೂಡಿಸಿದರು.

ಹೈಡ್ರೋಜನ್ನಿನ ಬೆಳಕು ನಿಜಕ್ಕೂ ಹಸಿರಲ್ಲ, ಅದು ಅಚ್ಚ ಕೆಂಪು. ಅದರ ತರಂಗಾಂತರ 656 ನ್ಯಾನೊಮೀಟರ್. ಗಂಧಕದ್ದೂ ಕೆಂಪೇ, 672ರ ಆಸುಪಾಸು. ಇವೆರಡನ್ನೂ ಇದ್ದ ಹಾಗೆಯೇ ತೋರಿಸಿದ್ದರೆ ನಮ್ಮ ಕಣ್ಣಿಗೆ ಒಂದೇ ಕೆಂಪಾಗಿ ಬೆರೆತುಹೋಗುತ್ತಿದ್ದವು, ಅವುಗಳ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತಿತ್ತು. ಆ ವ್ಯತ್ಯಾಸ ಏಕೆ ಮುಖ್ಯವೆಂದರೆ, ಗಂಧಕದ ಪರಮಾಣುವಿನಿಂದ ಒಂದು ಇಲೆಕ್ಟ್ರಾನನ್ನು ಕಳಚಲು ಸ್ವಲ್ಪ ಶಕ್ತಿ ಸಾಕು, ಹೈಡ್ರೋಜನ್ನಿಗೆ ಅದಕ್ಕಿಂತ ಹೆಚ್ಚು ಬೇಕು, ಆಮ್ಲಜನಕದಿಂದ ಎರಡನ್ನು ಕಿತ್ತುಹಾಕಲು ಇನ್ನೂ ಎಷ್ಟೋ ಹೆಚ್ಚು ಬೇಕು. ಆದ್ದರಿಂದ ಚಿತ್ರದಲ್ಲಿ ನೀಲಿ ಇರುವ ಕಡೆ ಅಕ್ಕಪಕ್ಕದ ಬಿಸಿ ನಕ್ಷತ್ರಗಳ ಅತಿನೇರಳೆ ಬೆಳಕು ಅತ್ಯುಗ್ರವಾಗಿದೆ ಎಂದರ್ಥ. ಕೆಂಪು ಇರುವ ಕಡೆ ಆ ಉಗ್ರತೆ ತಗ್ಗಿದೆ, ಧೂಳಿನ ಮರೆ ಶುರುವಾಗಿದೆ ಎಂದರ್ಥ. ಪರಮಾಣುವಿನಿಂದ ಎಷ್ಟು ಇಲೆಕ್ಟ್ರಾನು ಕಳಚಿದೆ ಎಂಬುದನ್ನು ನೋಡಿ ಅದಿರುವ ತಾಣದ ಸ್ಥಿತಿ ತಿಳಿಯಬಹುದೆಂದು ಮೇಘನಾದ ಸಹಾ 1920ರಲ್ಲಿ ಸೂರ್ಯನ ವಾತಾವರಣದ ವಿಷಯದಲ್ಲಿ ತೋರಿಸಿಕೊಟ್ಟಿದ್ದರು. ನೀಹಾರಿಕೆಯಲ್ಲಿ ಲೆಕ್ಕಾಚಾರ ಬೇರೆ, ಅಲ್ಲಿ ಇಲೆಕ್ಟ್ರಾನನ್ನು ಕೀಳುವುದು ಅನಿಲದ ಬಿಸಿಗಿಂತ ಹೆಚ್ಚಾಗಿ ನಕ್ಷತ್ರದ ಬೆಳಕು. ಓದುವ ಕ್ರಮ ಮಾತ್ರ ಅದೇ ಜಾಡಿನದು. ಕಂಬಗಳ ತುದಿಯಿಂದ ನೀಲಿ ಹಸಿರು ಹೊಗೆ ಎದ್ದಂತೆ ಕಾಣುತ್ತದಲ್ಲ, ಅದು ನಕ್ಷತ್ರಗಳ ಬೆಳಕಿಗೆ ಸಿಕ್ಕ ಅನಿಲ ಆವಿಯಾಗಿ ಹೊರಕ್ಕೆ ಹರಿಯುತ್ತಿರುವ ನೋಟ. ಕಂಬಗಳು ಸವೆಯುತ್ತಿವೆ ಎಂಬ ಸಂಗತಿಯನ್ನು ಆ ಬಣ್ಣವೇ ಹೇಳಿತು. 2014ರಲ್ಲಿ ಹಬಲ್ ಅದೇ ತಾಣವನ್ನು ಇನ್ನೂ ಸೂಕ್ಷ್ಮವಾದ ಕ್ಯಾಮೆರಾದಿಂದ ಮತ್ತೆ ನೋಡಿದಾಗ, ಒಂದು ಎಳೆಯ ನಕ್ಷತ್ರದಿಂದ ಚಿಮ್ಮುತ್ತಿರುವ ಅನಿಲದ ಧಾರೆ ಆ ಹತ್ತೊಂಬತ್ತು ವರ್ಷಗಳಲ್ಲಿ ಎಷ್ಟು ಉದ್ದ ಬೆಳೆದಿದೆ ಎಂಬುದನ್ನೂ ಅಳೆಯಲು ಸಾಧ್ಯವಾಯಿತು.

ಬಣ್ಣವೇ ಸಾಕ್ಷಿಯಾಗುವ ಈ ವಿದ್ಯೆ ಹಬಲ್‌ನಿಂದ ಶುರುವಾದದ್ದಲ್ಲ. ಅದರ ಮೂಲ 1864ರ ಆಗಸ್ಟ್ 29ರ ರಾತ್ರಿಗೆ ಹೋಗುತ್ತದೆ. ನೀಹಾರಿಕೆಗಳೆಂದರೆ ದೂರದ ಕಾರಣಕ್ಕೆ ಬಿಡಿಬಿಡಿಯಾಗಿ ಕಾಣದ ನಕ್ಷತ್ರಗಳ ಗುಂಪೋ, ಅಥವಾ ನಿಜಕ್ಕೂ ಹೊಳೆಯುವ ಅನಿಲವೋ ಎಂಬುದು ಆಗ ಬಗೆಹರಿಯದ ಜಗಳ. ದೊಡ್ಡ ದೊಡ್ಡ ದೂರದರ್ಶಕಗಳು ಬಂದಂತೆಲ್ಲ ಮಸುಕು ಮೋಡದಂತಿದ್ದ ಕೆಲವು ಕಾಯಗಳು ನಕ್ಷತ್ರಗಳಾಗಿ ಬಿಡಿಸಿಕೊಂಡಿದ್ದರಿಂದ, ಇನ್ನೂ ದೊಡ್ಡ ಕನ್ನಡಿ ಬಂದರೆ ಎಲ್ಲವೂ ಹಾಗೆಯೇ ಬಿಡಿಸಿಕೊಳ್ಳುತ್ತವೆ ಎಂದು ಹಲವರು ನಂಬಿದ್ದರು. ಲಂಡನ್ನಿನ ಟಲ್ಸ್ ಹಿಲ್‌ನಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಕೊಂಡಿದ್ದ ವಿಲಿಯಂ ಹಗ್ಗಿನ್ಸ್ ಅಂದು ತಮ್ಮ ದೂರದರ್ಶಕಕ್ಕೆ ರೋಹಿತದರ್ಶಕವನ್ನು ಜೋಡಿಸಿ, ಇಂದು ಬೆಕ್ಕಿನ ಕಣ್ಣಿನ ನೀಹಾರಿಕೆ ಎಂದು ಕರೆಯುವ ಪುಟ್ಟ ಕಾಯದತ್ತ ತಿರುಗಿಸಿದರು. ನಕ್ಷತ್ರವಾಗಿದ್ದರೆ ಅದರ ಬೆಳಕು ಪಟ್ಟಕದ ಮೂಲಕ ಹಾದು, ನಡುನಡುವೆ ಕಪ್ಪು ಗೆರೆಗಳಿರುವ ಕಾಮನಬಿಲ್ಲಿನ ಪಟ್ಟಿಯಾಗಿ ಹರಡಬೇಕಿತ್ತು. ಹಗ್ಗಿನ್ಸ್ ಕಂಡದ್ದು ಕತ್ತಲೆಯ ನಡುವೆ ಹೊಳೆಯುವ ಹಸಿರು ಗೆರೆ. ಗಮನವಿಟ್ಟು ನೋಡಿದಾಗ ಪಕ್ಕದಲ್ಲಿ ಇನ್ನೂ ಒಂದೆರಡು ಮಸುಕು ಗೆರೆಗಳು. ಅಷ್ಟೇ. ಅಂಥ ಗೆರೆಗಳು ಬರುವುದು ತೆಳುವಾದ ಬಿಸಿ ಅನಿಲದಿಂದ ಮಾತ್ರ. ಎಷ್ಟೋ ಕಾಲ ಎಳೆದಾಡಿದ ಜಗಳ ಆ ಒಂದು ಕಾಯದ ಮಟ್ಟಿಗೆ ಆ ರಾತ್ರಿಯೇ ತೀರಿತು. ತೀರಿಸಿದ್ದು ಬಣ್ಣ.

ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. ಆ ಹಸಿರು ಗೆರೆ ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದಲಿಲ್ಲ. ಹಾಗಾಗಿ ನೀಹಾರಿಕೆಯಲ್ಲಿ ಮಾತ್ರವಿರುವ ಹೊಸ ಧಾತುವೊಂದನ್ನು ಊಹಿಸಿ ‘ನೆಬ್ಯುಲಿಯಂ’ ಎಂದು ಹೆಸರಿಟ್ಟರು. ಊಹೆ ದುಡುಕಿನದಾಗಿರಲಿಲ್ಲ. 1868ರ ಸೂರ್ಯಗ್ರಹಣದ ಕಾಲಕ್ಕೆ ಸೂರ್ಯನ ಬೆಳಕಿನಲ್ಲಿ ಕಂಡ ಅಪರಿಚಿತ ಹಳದಿ ಗೆರೆ ಹೀಲಿಯಂ ಎಂಬ ಹೊಸ ಧಾತುವಿನದೇ ಆಗಿತ್ತು, 1895ರಲ್ಲಿ ಆ ಧಾತು ಭೂಮಿಯ ಮೇಲೂ ಸಿಕ್ಕಿತ್ತು. ಆದರೆ ಆವರ್ತ ಕೋಷ್ಟಕ ತುಂಬುತ್ತ ಬಂದಂತೆ ನೆಬ್ಯುಲಿಯಮ್ಮಿಗೆ ಕೂರಲು ಮನೆಯೇ ಉಳಿಯಲಿಲ್ಲ. ಗಂಟು ಬಿಡಿಸಿದ್ದು 1927ರಲ್ಲಿ ಅಮೆರಿಕದ ಐರಾ ಬೋವೆನ್. ಗೆರೆ ಹೊಸ ಧಾತುವಿನದಲ್ಲ, ನಾವು ಉಸಿರಾಡುವ ಆಮ್ಲಜನಕದ್ದೇ, ಎರಡು ಇಲೆಕ್ಟ್ರಾನು ಕಳೆದುಕೊಂಡ ಸ್ಥಿತಿಯಲ್ಲಿ. ಭೂಮಿಯ ಮೇಲೆ ಅದು ಕಾಣದಿರಲು ಕಾರಣ ಇಲ್ಲಿಯ ದಟ್ಟಣೆ. ಕೆರಳಿದ ಆ ಆಮ್ಲಜನಕದ ಪರಮಾಣು ಹಸಿರು ಬೆಳಕನ್ನು ಬಿಡಬೇಕಾದರೆ ಹತ್ತಾರು ಸೆಕೆಂಡು ಯಾರಿಗೂ ಡಿಕ್ಕಿ ಹೊಡೆಯದೆ ಇರಬೇಕು. ನಮ್ಮ ಗಾಳಿಯಲ್ಲಿ ಒಂದು ಸೆಕೆಂಡಿನೊಳಗೆ ಕೋಟ್ಯಂತರ ಡಿಕ್ಕಿಗಳಾಗುತ್ತವೆ. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿರುವ ಅಣುಗಳ ಸಂಖ್ಯೆ ಬರೆಯಲು ಇಪ್ಪತ್ತು ಅಂಕೆ ಬೇಕು. ನೀಹಾರಿಕೆಯಲ್ಲಿ ಅಷ್ಟೇ ಜಾಗದಲ್ಲಿರುವುದು ಸಾಮಾನ್ಯವಾಗಿ ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಪರಮಾಣು. ಮಾಮೂಲಿ ಪ್ರಯೋಗಾಲಯದ ನಿರ್ವಾತವೂ ಅದಕ್ಕಿಂತ ದಟ್ಟ. ಅಂದರೆ ಆ ಹಸಿರು ಕೇವಲ ‘ಇಲ್ಲಿ ಆಮ್ಲಜನಕವಿದೆ’ ಎಂದು ಹೇಳಿ ನಿಲ್ಲುವುದಿಲ್ಲ, ‘ಇಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ’ ಎಂದೂ ಹೇಳುತ್ತದೆ. ಇಷ್ಟು ಖಾಲಿಯಾದದ್ದು ಇಷ್ಟು ದೂರಕ್ಕೆ ಹೊಳೆಯುವುದು ಅದರ ಅಗಾಧ ವಿಸ್ತಾರದಿಂದ. ಆ ಒಂದು ಬಣ್ಣದಲ್ಲಿ ಇಷ್ಟು ಅರ್ಥ ಅಡಗಿದೆ ಎಂದು ತಿಳಿದ ಮೇಲೆ ಚಿತ್ರವನ್ನು ಮೊದಲಿನಂತೆ ನೋಡಲು ಆಗುವುದಿಲ್ಲ.

ಆದರೂ ಅಲ್ಲಿಗೇ ಹೋದರೆ ಏನು ಕಾಣುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ: ಬಹುಪಾಲು ಬೂದು ಮಬ್ಬು, ಕೆಲವು ಪ್ರಕಾಶಮಾನ ನೀಹಾರಿಕೆಗಳಲ್ಲಿ ತುಸು ಹಸಿರು ಛಾಯೆ. ಹತ್ತಿರ ಹೋದಷ್ಟೂ ನೀಹಾರಿಕೆ ಆಕಾಶದಲ್ಲಿ ದೊಡ್ಡದಾಗಿ ಹರಡಿಕೊಳ್ಳುತ್ತದೆ, ಆದರೆ ಅದರ ಒಂದು ತುಣುಕಿನ ಹೊಳಪು ಹೆಚ್ಚುವುದಿಲ್ಲ. ಬೆಳಕು ಜಾಸ್ತಿ ಬಂದರೂ ಅದು ಅಷ್ಟೇ ಹೆಚ್ಚು ಜಾಗಕ್ಕೆ ಹಂಚಿಹೋಗಿರುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೈಚೆಲ್ಲುತ್ತವೆ, ಬೆಳಕು ಕತ್ತಲೆ ಮಾತ್ರ ತಿಳಿಯುವ ಕೋಶಗಳು ಕೆಲಸ ನೋಡಿಕೊಳ್ಳುತ್ತವೆ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕನ್ನು ಕೂಡಿಡಬಲ್ಲದು, ಕಣ್ಣು ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ಹೊತ್ತು ಮಾತ್ರ. ಈ ಮಿತಿ ಕಣ್ಣಿನದು, ನೀಹಾರಿಕೆಯದಲ್ಲ. ಹಗಲಿನ ಬಯಲಿನಲ್ಲಿ ಆಹಾರ ಹುಡುಕಲು, ಅಪಾಯ ಗುರುತಿಸಲು ವಿಕಾಸಗೊಂಡ ಒಂದು ಅಂಗಕ್ಕೆ ಕಂಡದ್ದಷ್ಟೇ ನಿಜ ಎನ್ನುವುದು ವಿಜ್ಞಾನದ ಮಾತಲ್ಲ, ರೂಢಿಯ ಮಾತು. ದಿನವೂ ಟೀವಿಯಲ್ಲಿ ತೋರಿಸುವ ಇನ್ಸ್ಯಾಟ್ ಉಪಗ್ರಹದ ಮೋಡದ ಚಿತ್ರವನ್ನೇ ನೋಡಿ. ಅದು ರಾತ್ರಿಯಲ್ಲೂ ತೆಗೆದ ಅವಕೆಂಪು ಚಿತ್ರ, ಅದರ ಬಣ್ಣ ಮೋಡದ ನೆತ್ತಿಯ ತಾಪವನ್ನು ಸೂಚಿಸಲು ಹಚ್ಚಿದ್ದು. ಅರಬ್ಬೀ ಸಮುದ್ರದ ಮೇಲೆ ಚಂಡಮಾರುತ ಕೆಂಪಗೆ ಸುತ್ತುತ್ತಿದ್ದರೆ ಕರಾವಳಿಯ ಮೀನುಗಾರರು ‘ಮೋಡ ಕೆಂಪಗಿರುವುದಿಲ್ಲ, ಇದು ಸುಳ್ಳು’ ಎಂದು ದೋಣಿ ಇಳಿಸುವುದಿಲ್ಲ.

ಜೇಮ್ಸ್ ವೆಬ್ ದೂರದರ್ಶಕಕ್ಕೆ ಈ ಮಾತು ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. 2021ರ ಕ್ರಿಸ್ಮಸ್ ದಿನ ಹಾರಿ, ಈಗ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆಯ ತಾಣದಲ್ಲಿ ಕೆಲಸ ಮಾಡುತ್ತಿರುವ ವೆಬ್ ಮುಖ್ಯವಾಗಿ ಅವಕೆಂಪು ಬೆಳಕನ್ನು ಕಾಣುತ್ತದೆ. ಅದಕ್ಕೆ ನಮ್ಮ ಭಾಷೆಯಲ್ಲಿ ಬಣ್ಣವೇ ಇಲ್ಲ. ಹಾಗಾಗಿ ಅತಿ ಕಿರಿದಾದ ತರಂಗಾಂತರಕ್ಕೆ ನೀಲಿ, ಅತಿ ಉದ್ದದ್ದಕ್ಕೆ ಕೆಂಪು, ನಡುವಿನವಕ್ಕೆ ನಡುವಿನ ಬಣ್ಣ ಎಂದು ಕಾಮನಬಿಲ್ಲಿನ ಕ್ರಮವನ್ನೇ ಉಳಿಸಿಕೊಂಡು ಹಚ್ಚುತ್ತಾರೆ. 2022ರ ಅಕ್ಟೋಬರಿನಲ್ಲಿ ವೆಬ್ ಅದೇ ಸೃಷ್ಟಿಯ ಸ್ತಂಭಗಳ ಎರಡು ಚಿತ್ರಗಳನ್ನು ಕೊಟ್ಟಿತು. ಒಂದರಲ್ಲಿ ಹಬಲ್‌ಗೆ ಗೋಡೆಯಂತಿದ್ದ ಧೂಳು ಅರೆಪಾರದರ್ಶಕವಾಗಿ, ಒಳಗೂ ಹಿಂದೆಯೂ ಇರುವ ಅಸಂಖ್ಯ ನಕ್ಷತ್ರಗಳು ಕಂಡವು. ಕಂಬಗಳ ಅಂಚಿನಲ್ಲಿ ಕೆಂಡದಂತೆ ಹೊಳೆಯುವ ಕೆಂಪು ಗೀರುಗಳು ಹುಟ್ಟುತ್ತಿರುವ ನಕ್ಷತ್ರಗಳು ಚಿಮ್ಮಿಸಿದ ಧಾರೆಗಳಿಗೆ ಸಿಕ್ಕಿ ಕೆರಳಿದ ಹೈಡ್ರೋಜನ್ ಅಣುಗಳವು. ಇನ್ನೂ ಉದ್ದದ ತರಂಗಾಂತರದಲ್ಲಿ ತೆಗೆದ ಎರಡನೆಯ ಚಿತ್ರದಲ್ಲಿ ಆ ನಕ್ಷತ್ರಗಳಲ್ಲಿ ಹೆಚ್ಚಿನವು ಮಾಯವಾಗಿ ಧೂಳೇ ಮುಂದೆ ಬಂದು ನಿಂತಿತು. ಒಂದೇ ತಾಣ, ಮೂರು ಚಿತ್ರ. ಮೂರೂ ನಿಜ, ಏಕೆಂದರೆ ಮೂರೂ ಕೇಳಿದ ಪ್ರಶ್ನೆ ಬೇರೆ ಬೇರೆ.

ಇಲ್ಲಿ ಇನ್ನೂ ಸೂಕ್ಷ್ಮವಾದ ಆಕ್ಷೇಪವೊಂದಿದೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬಲವಾದದ್ದು. ಬಣ್ಣಕ್ಕೆ ನಿಯಮವಿರಬಹುದು, ಆದರೆ ಯಾವ ಭಾಗವನ್ನು ಕತ್ತರಿಸಿ ತೋರಿಸಬೇಕು, ಎಷ್ಟು ಹೊಳಪು ಕೊಡಬೇಕು, ಯಾವ ದಿಕ್ಕನ್ನು ಮೇಲೆ ಮಾಡಬೇಕು ಎಂಬುದೆಲ್ಲ ಮನುಷ್ಯರ ಆಯ್ಕೆಯಲ್ಲವೆ? ಹೌದು. ಬಾಹ್ಯಾಕಾಶದಲ್ಲಿ ಮೇಲು ಕೆಳಗು ಇಲ್ಲ. ಕಂಬಗಳು ನೆಟ್ಟಗೆ ನಿಂತಿರುವುದು ಚಿತ್ರವನ್ನು ಹಾಗೆ ಹಿಡಿದದ್ದರಿಂದ. ಕಲಾ ಇತಿಹಾಸಕಾರ್ತಿ ಎಲಿಜಬೆತ್ ಕೆಸ್ಲರ್ ಹಬಲ್ ಚಿತ್ರಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದು, ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪಶ್ಚಿಮದ ಬೆಟ್ಟ ಕಣಿವೆಗಳನ್ನು ಬಿಡಿಸಿದ ಚಿತ್ರಕಾರರ ಶೈಲಿ ಇವುಗಳಲ್ಲಿ ಮರಳಿ ಬಂದಿದೆ ಎಂದು ತೋರಿಸಿದ್ದಾರೆ. ಈ ಮಾತನ್ನು ಒಪ್ಪಬೇಕು. ಆದರೆ ಆಯ್ಕೆ ಇರುವುದಕ್ಕೂ ಮೋಸಕ್ಕೂ ಅಂತರವಿದೆ, ಆ ಅಂತರ ಮುಚ್ಚುಮರೆಯದು. ಹಬಲ್ ಮತ್ತು ವೆಬ್‌ನ ಮೂಲ ದತ್ತಾಂಶ ಕೆಲಕಾಲದ ನಂತರ, ಎಷ್ಟೋ ಸಲ ಆ ಕೂಡಲೇ, ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳುವಂತೆ ತೆರೆದಿಡಲಾಗುತ್ತದೆ. ಯಾವ ಫಿಲ್ಟರಿಗೆ ಯಾವ ಬಣ್ಣ ಎಂಬುದನ್ನು ಚಿತ್ರದ ಜೊತೆಗೇ ಪ್ರಕಟಿಸುತ್ತಾರೆ. 1995ರ ಆ ಪ್ರಸಿದ್ಧ ಚಿತ್ರದ ಒಂದು ಮೂಲೆ ಮೆಟ್ಟಿಲಿನಂತೆ ಕಪ್ಪಾಗಿ ಕತ್ತರಿಸಿಹೋಗಿದೆಯಲ್ಲ, ಅದು ನಾಲ್ಕು ಭಾಗಗಳ ಕ್ಯಾಮೆರಾದಲ್ಲಿ ಒಂದು ಭಾಗ ಉಳಿದವಕ್ಕಿಂತ ಕಿರಿದಾದ ಜಾಗವನ್ನು ನೋಡುತ್ತಿದ್ದುದರ ಗುರುತು. ಖಾಲಿ ಜಾಗವನ್ನು ಕಲ್ಪನೆಯಿಂದ ತುಂಬದೆ ಹಾಗೆಯೇ ಬಿಟ್ಟಿದ್ದಾರೆ. ಮರುಳು ಮಾಡಲು ಹೊರಟವರು ಮೊದಲು ಮುಚ್ಚುತ್ತಿದ್ದುದು ಅದನ್ನೇ.

ಇಷ್ಟೆಲ್ಲ ಬಣ್ಣಗಳಲ್ಲಿ ಹೆಚ್ಚಿನವನ್ನು ನೆಲದ ಮೇಲೆ ಕೂತು ನೋಡಲು ಬಾರದು ಎಂಬುದೇ ಬಾಹ್ಯಾಕಾಶಕ್ಕೆ ಹೋಗಬೇಕಾದ ಕಾರಣ. ಅತಿನೇರಳೆಯ ಬಹುಪಾಲನ್ನು ನಮ್ಮ ವಾತಾವರಣ ತಡೆಯುತ್ತದೆ, ತಡೆಯದಿದ್ದರೆ ನಾವಿರುತ್ತಿರಲಿಲ್ಲ. ಅವಕೆಂಪಿನ ಹೆಚ್ಚಿನ ಪಾಲನ್ನು ನೀರಾವಿ ಹೀರುತ್ತದೆ. ಇದಕ್ಕೆ ನಮ್ಮ ಬಳಿಯದೇ ಒಳ್ಳೆಯ ನಿದರ್ಶನವಿದೆ. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆಸ್ಟ್ರೊಸ್ಯಾಟ್‌ನಲ್ಲಿ ಅತಿನೇರಳೆ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಇತರ ಸಂಸ್ಥೆಗಳ ಜೊತೆಗೂಡಿ ಅದನ್ನು ಸಿದ್ಧಪಡಿಸಿದ್ದು ಹೊಸಕೋಟೆಯ ತನ್ನ ಆವರಣದಲ್ಲಿ. ವೃಶ್ಚಿಕ ರಾಶಿಯ ಚಿಟ್ಟೆ ನೀಹಾರಿಕೆಯನ್ನು ಜಗತ್ತು ದಶಕಗಳಿಂದ ನೋಡುತ್ತಲೇ ಬಂದಿತ್ತು, ಹಬಲ್ ಕೂಡ ನೋಡಿತ್ತು. ಆಸ್ಟ್ರೊಸ್ಯಾಟ್ ನೋಡಿದಾಗ, ಗೊತ್ತಿದ್ದ ರೆಕ್ಕೆಗಳ ಅಂಚನ್ನು ದಾಟಿ ಬಹುದೂರ ಹಬ್ಬಿದ ಮಸುಕಾದ ಅತಿನೇರಳೆ ಪ್ರಭೆ ಕಂಡಿತು. 2018ರಲ್ಲಿ ಪ್ರಕಟವಾದ ಈ ಫಲಿತಾಂಶ, ಸಾಯುತ್ತಿರುವ ನಕ್ಷತ್ರಗಳು ಹೊರಚೆಲ್ಲುವ ವಸ್ತುವಿನಲ್ಲಿ ಒಂದು ಪಾಲು ಕಣ್ಣಿಗೆ ಕಾಣುವ ಬೆಳಕಿಗೆ ಸಿಕ್ಕೇ ಇರಲಿಲ್ಲ ಎಂಬುದನ್ನು ಎತ್ತಿತೋರಿಸಿತು. ಇಮ್ಮಡಿ ಮುಮ್ಮಡಿ ಗಾತ್ರದ ಕನ್ನಡಿ ನೆಲದ ಮೇಲಿದ್ದರೂ ಆಗದ ಕೆಲಸವನ್ನು ಸುಮಾರು 38 ಸೆಂಟಿಮೀಟರ್ ಕನ್ನಡಿ ಮಾಡಿತು, ಸರಿಯಾದ ಜಾಗದಲ್ಲಿದ್ದ ಕಾರಣಕ್ಕೆ.

ಖರ್ಚಿನ ಮಾತಿಗೆ ಬರೋಣ. ವೆಬ್‌ಗೆ ಹತ್ತಿರಹತ್ತಿರ 1,000 ಕೋಟಿ ಡಾಲರ್ ತಗುಲಿತು, ಎರಡು ದಶಕಗಳಲ್ಲಿ, ಮೂರು ಬಾಹ್ಯಾಕಾಶ ಸಂಸ್ಥೆಗಳ ಸಹಭಾಗಿತ್ವದಲ್ಲಿ. ಅದು ದೊಡ್ಡ ಮೊತ್ತವೇ. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲದಿರುವಾಗ ಅನಿಲದ ಮೋಡಗಳನ್ನು ನೋಡುತ್ತ ಕೂರಬೇಕೆ ಎಂಬ ಪ್ರಶ್ನೆಗೆ, ಇದರಿಂದ ವೈದ್ಯಕೀಯ ಉಪಕರಣಗಳು ಬಂದವು, ಕ್ಯಾಮೆರಾಗಳು ಸುಧಾರಿಸಿದವು ಎಂದು ಉತ್ತರಿಸುವ ರೂಢಿಯಿದೆ. ನನಗೆ ಆ ಉತ್ತರ ದುರ್ಬಲವೆನಿಸುತ್ತದೆ. ಒಳ್ಳೆಯ ಕ್ಯಾಮೆರಾ ಬೇಕಿದ್ದರೆ ನೇರವಾಗಿ ಕ್ಯಾಮೆರಾಕ್ಕೇ ಹಣ ಹಾಕಬಹುದಲ್ಲ. ನೇರವಾದ ಉತ್ತರ ಇದು: ನಕ್ಷತ್ರಗಳೂ ಗ್ರಹಗಳೂ ಹೇಗೆ ಹುಟ್ಟುತ್ತವೆ ಎಂಬುದನ್ನು ಕಣ್ಣಾರೆ ಕಾಣಲು ಬೇರೆ ದಾರಿಯಿಲ್ಲ, ಮತ್ತು ಅದನ್ನು ತಿಳಿಯುವುದು ನಾಗರಿಕ ಸಮಾಜವೊಂದು ಹಣ ಹಾಕಲು ತಕ್ಕ ಕೆಲಸ. ಆಸ್ಟ್ರೊಸ್ಯಾಟ್‌ಗೆ ತಗುಲಿದ್ದು ಸುಮಾರು 178 ಕೋಟಿ ರೂಪಾಯಿ. ಭಾರತ ಎಲ್ಲ ಬಗೆಯ ಸಂಶೋಧನೆಗೂ ಸೇರಿ ವೆಚ್ಚ ಮಾಡುತ್ತಿರುವುದು ದೇಶದ ಒಟ್ಟು ಉತ್ಪನ್ನದ ಶೇಕಡ 1ಕ್ಕಿಂತ ಕಡಿಮೆ. ಹಾಸಿಗೆಗಳ ಕೊರತೆಯ ಕಾರಣವನ್ನು ಇಲ್ಲಿ ಹುಡುಕಿದರೆ ಸಿಗುವುದಿಲ್ಲ.

ನಕ್ಷತ್ರ ಗ್ರಹಗಳ ಆ ಹುಟ್ಟನ್ನು ಕಾಣಲು ಎಲ್ಲಕ್ಕಿಂತ ಒಳ್ಳೆಯ ಜಾಗ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆ, ಸುಮಾರು 1,300 ಜ್ಯೋತಿರ್ವರ್ಷ ದೂರ. 1990ರ ದಶಕದ ಮೊದಲ ವರ್ಷಗಳಲ್ಲಿ ರಾಬರ್ಟ್ ಓಡೆಲ್ ಹಬಲ್ ಚಿತ್ರಗಳಲ್ಲಿ ಅಲ್ಲಿಯ ಎಳೆಯ ನಕ್ಷತ್ರಗಳ ಸುತ್ತ ಧೂಳಿನ ತಟ್ಟೆಗಳನ್ನು ಗುರುತಿಸಿದರು. ಕೆಲವು ಹೊಳೆಯುವ ಅನಿಲದ ಎದುರು ಕಪ್ಪು ಬೊಟ್ಟಿನಂತೆ ಕಾಣುತ್ತವೆ. ಗ್ರಹಗಳು ರೂಪುಗೊಳ್ಳುವುದು ಅಂಥ ತಟ್ಟೆಗಳಲ್ಲೇ. ಅವುಗಳಲ್ಲೊಂದರಲ್ಲಿ ವೆಬ್ 2023ರಲ್ಲಿ ಮೀಥೈಲ್ ಅಯಾನನ್ನು ಪತ್ತೆ ಮಾಡಿತು. ಇಂಗಾಲದ ಸಂಕೀರ್ಣ ರಸಾಯನಗಳು ಕಟ್ಟಿಕೊಳ್ಳಲು ಅದು ಮೊದಲ ಮೆಟ್ಟಿಲಿನಂಥದೆಂದು ವಿಜ್ಞಾನಿಗಳು ಬಹುಕಾಲದಿಂದ ಊಹಿಸಿದ್ದರು. ಸೌರಮಂಡಲದ ಹೊರಗೆ ಅದು ಸಿಕ್ಕಿದ್ದು ಅದೇ ಮೊದಲು, ಅದೂ ಅವಕೆಂಪು ಬೆಳಕಿನ ಸೂಕ್ಷ್ಮ ಗೆರೆಗಳ ರೂಪದಲ್ಲಿ.

ಹಾಗಿದ್ದರೆ ನಮ್ಮ ಕಡೆಯಿಂದ ಆಗಬೇಕಾದ್ದೇನು? ಕನ್ನಡ ಪತ್ರಿಕೆಗಳೂ ಪಠ್ಯಪುಸ್ತಕಗಳೂ ಈ ಚಿತ್ರಗಳನ್ನು ಅಚ್ಚುಮಾಡುವಾಗ ಕೆಳಗೆ ಒಂದೇ ಒಂದು ಸಾಲು ಸೇರಿಸಬೇಕು: ಕೆಂಪು ಯಾವುದರದು, ಹಸಿರು ಯಾವುದರದು, ನೀಲಿ ಯಾವುದರದು. ಮೂಲ ಪ್ರಕಟಣೆಯಲ್ಲಿ ಆ ವಿವರ ಇದ್ದೇ ಇರುತ್ತದೆ, ಅನುವಾದದ ಅವಸರದಲ್ಲಿ ಬಿಟ್ಟುಹೋಗುತ್ತದೆ. ಬಣ್ಣ ಸುಳ್ಳು ಎಂಬ ಅನುಮಾನ ಹುಟ್ಟುವುದು ಆ ಸಾಲು ಇಲ್ಲದಾಗ. ವಿಜ್ಞಾನ ಮೇಷ್ಟರುಗಳು ತರಗತಿಯಲ್ಲಿ ಚಿತ್ರ ತೋರಿಸಿದ ಮೇಲೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಯಾವುದಾದರೂ ಸಂಜೆ ಮಕ್ಕಳಿಗೆ ಮಹಾವ್ಯಾಧನ ಖಡ್ಗದ ನಡುವಿನ ಮಸುಕು ಚುಕ್ಕೆಯನ್ನು ಬೈನಾಕ್ಯುಲರಿನಲ್ಲಿ ತೋರಿಸಲಿ. ಅದು ಬೂದಾಗಿಯೇ ಕಾಣುತ್ತದೆ, ಏಕೆ ಹಾಗೆ ಎಂದು ಮಕ್ಕಳೇ ಕೇಳುತ್ತಾರೆ. ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಬಾರಿ ನೀಹಾರಿಕೆಯ ಚಿತ್ರದ ಕೆಳಗೆ ಬಣ್ಣಗಳ ವಿವರ ಇಲ್ಲದಿದ್ದರೆ, ಸಂಪಾದಕರಿಗೆ ಬರೆದು ಕೇಳಿ.